ಖರೇ ಮಾಲಕರು

ಊರಿನವರೆಲ್ಲ ಗಂಡನನ್ನು ಮನೆಯಲ್ಲಿ ಇಟ್ಟುಕೊಂಡರೆ, ನಮ್ಮ ಕಾಕು ಮಾತ್ರ ತನ್ನ ಗಂಡನನ್ನು ಕಾರ್ಖಾನೆಯ ಸಾಮಾನಿನ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದಾಳೆ! ಆ ಸಾಮಾನೇ ನಮ್ಮ ಕಾಕಾ, ಅಂದರೆ ನನ್ನ ಚಿಕ್ಕಪ್ಪ.

ಕಾರ್ಖಾನೆ ಎಂದರೆ ತಾರಿಹಾಳದಲ್ಲಿ ಬಾಡಿಗೆಗೆ ಹಿಡಿದ ಶೆಡ್ಡು, ಶೇಂಗಾ ಚಟ್ನಿ ಕುಟ್ಟುವ ಒಂದು ಯಂತ್ರ, ಕೈಜೋಡಿಸುವ ನಾಲ್ಕು ಹೆಣ್ಣುಮಕ್ಕಳು. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಬೇಕಿತ್ತು ಎಂದು ಕಾಕುವನ್ನು ಕೇಳಿ ನೋಡಿ.

"ಲಗ್ನ ಆದಾಗಿಂದ ಚಟ್ನಿ ಕುಟ್ಟಾಕತ್ತೇನಿ. ಉಂಡವರೆಲ್ಲಾ 'ಅತ್ತಿ ಛಲೋ ಕಲಿಸ್ಯಾರ' ಅಂತಾರ. ಒಬ್ಬರರ ನನ್ನ ಹೆಸರು ಹೇಳಬ್ಯಾಡೇನು?"

ಹೇಳಬೇಕು, ಸರಿ. ಆದರೆ ಶೆಡ್ಡಿಗೆ ಬಂದ ಮೊದಲನೇ ಶೇಂಗಾ ವ್ಯಾಪಾರಿಯೇ, "ಮಾಲಕರು ಇಲ್ಲೇನ್ರಿ?" ಎಂದ.

"ನಾನ ರೀ ಮಾಲಕರು," ಎಂದಳು ಕಾಕು.

"ಹಂಗಲ್ರಿ ಅಕ್ಕಾರ, ಖರೇ ಮಾಲಕರು!"

ಕರೆಂಟಿನವರು, ಡಬ್ಬಿಯವರು, ಎಲ್ಲರದೂ ಅದೇ ರಾಗ. ಕಾಕು ಜಗಳಕ್ಕೆ ಹೋಗಲಿಲ್ಲ. ಡ್ರಾಯಿಂಗ್ ಮಾಸ್ತರಿಕೆಯಿಂದ ನಿವೃತ್ತನಾಗಿ ಮನೆಯಲ್ಲಿದ್ದ ಕಾಕಾನಿಗೆ ಇಸ್ತ್ರಿ ಅಂಗಿ ತೊಡಿಸಿ, ಬಾಗಿಲೆದುರು ಕುರ್ಚಿ ಹಾಕಿ ಕೂರಿಸಿದಳು.

"ಯಾರು ಏನ ಕೇಳಿದ್ರೂ 'ನೋಡೂಣು' ಅನ್ರಿ. ಹೆಚ್ಚಿಗಿ ಮಾತಾಡಿದ್ರ ನನ್ನ ಧಂದೆ ಮುಳಗತೈತಿ!"

ಏನು ಪವಾಡ ಅಂತೀರಿ! ವಾರಗಟ್ಟಲೆ ಬಾರದ ಕರೆಂಟು ಒಂದು 'ನೋಡೂಣು' ಅಂದದ್ದಕ್ಕೇ ಬಂತು. ಶೇಂಗಾ ವ್ಯಾಪಾರಿ ದರ ಹೇಳುವಾಗ ಕಾಕಾ ಕಣ್ಣು ಮುಚ್ಚಿದ್ದ. ಸಿಟ್ಟು ಬಂದಿದೆ ಎಂದು ಹೆದರಿ ಅವನೇ ದರ ಇಳಿಸಿದ. "ಭಾಳ ಖಡಕ್ ಮನುಷ್ಯಾರು ಬಿಡ್ರಿ!" ಎಂದ. ಖಡಕ್ ಮನುಷ್ಯ ಆಗ ಸಣ್ಣಗೆ ಗೊರಕೆ ಹೊಡೆಯುತ್ತಿದ್ದ! ಕಾಕು ನಮ್ಮೊಂದಿಗೆ ನಕ್ಕಳೇನೋ ನಿಜ. ಆದರೆ ಒಳಗೊಳಗೇ ಬಹಳ ನೊಂದಿದ್ದಳು. ಅವತ್ತು ಸರಿಯಾಗಿ ಊಟವನ್ನೂ ಮಾಡಲಿಲ್ಲ.

ಮೊನ್ನೆ ನಾನೂ ಅಲ್ಲಿದ್ದೆ. ಧಾರವಾಡದ ದೊಡ್ಡ ಖಾನಾವಳಿಯವರು ಬಂದರು. ಈ ಒಬ್ಬ ಗಿರಾಕಿಗಾಗಿ ಕಾಕು ವರ್ಷವಿಡೀ ಕಾದಿದ್ದಳು. ಅವರು ಚಟ್ನಿ ಬಾಯಿಗೆ ಹಾಕಿಕೊಂಡವರೇ ಕಾಕಾನಿಗೆ ಕೈಮುಗಿದರು.

"ಏನ್ ರುಚಿ ಕಂಡ ಹಿಡದೀರಿ ಸರ!"

ಯಂತ್ರದ ಬಳಿ ನಿಂತಿದ್ದ ಕಾಕು, 'ನೋಡೂಣು' ಅನ್ನಿ ಎಂದು ಕಣ್ಸನ್ನೆ ಮಾಡಿದಳು. ಕಾಕಾ ಎದ್ದು ನಿಂತ.

"ನನ್ನದೇನಿಲ್ರಿ. ಈ ರುಚಿ ಆಕೀದು. ನಮ್ಮವ್ವ ಕಲಿಸಿದ್ದೂ ಅಲ್ಲ, ಆಕೀದ. ಮಾಲಕರೂ ಆಕೀನ. ಆಕಿ ಕೂಡ ಮಾತಾಡ್ರಿ."

ಕಾಕು ಕೈಚಾಚಿ ಯಂತ್ರ ಬಂದ್ ಮಾಡಿದಳು. ಶೆಡ್ಡೆಲ್ಲ ಸುಮ್ಮನಾಯಿತು. ನನಗೆ ಅಳು ಬಂತು.

"ಮಷೀನ್ ಸಪ್ಪಳದಾಗ ಸರಿ ಕೇಳಲಿಲ್ರಿ," ಎಂದಳು ಕಾಕಾನಿಗೆ. "ಇನ್ನೊಮ್ಮೆ ಹೇಳ್ರಿ."