ಅನಸೂಯ ಎಂಬ ವೇಪ್ ಪತ್ತೆ ಉಪಕರಣ

ಸಿಂಗಾಪುರದಲ್ಲಿ ವೇಪ್ ಎಂಬ ಎಲೆಕ್ಟ್ರಾನಿಕ್ ಸಿಗರೇಟು ಸೇದುವುದು, ಇಟ್ಟುಕೊಳ್ಳುವುದು, ಮಾರುವುದು ಎಲ್ಲವೂ ಕಾನೂನಿಗೆ ವಿರುದ್ಧ. ಪಾಸಿರ್ ಪಂಜಾಂಗಿನ ಪೂರ್ವತರಂಗ ಶಿಪ್ಪಿಂಗ್ ಕಂಪನಿಯಲ್ಲಿ ಇದು ಎಲ್ಲರಿಗೂ ಚೆನ್ನಾಗಿ ಗೊತ್ತಿದ್ದುದರಿಂದ, ಅಲ್ಲಿ ಸೇದುವವರು ಲಿಫ್ಟಿನ ಪಕ್ಕದ ಮೆಟ್ಟಿಲಿಗೆ ಹೋಗಿ ಬಾಗಿಲು ಹಾಕಿಕೊಂಡು ಸೇದುತ್ತಿದ್ದರು.

ಕಟ್ಟಡದ ಮಾಲೀಕರಿಂದ ನೋಟೀಸು ಬಂತು. ವೇಪ್ ಪತ್ತೆ ಉಪಕರಣವನ್ನು ಕೂಡಲೇ ಅಳವಡಿಸತಕ್ಕದ್ದು ಎಂದು ಅದರಲ್ಲಿತ್ತು. ಜನರಲ್ ಮ್ಯಾನೇಜರ್ ವೆಂಕಟೇಶಮೂರ್ತಿಯವರು ಸಭೆ ಕರೆದರು. ಅವರು ಮೈಸೂರಿನವರು, ಎಸಿ ಹಾಕುವ ಬದಲು ಪರದೆ ಸರಿಸಿ ಕಂಪನಿಯನ್ನು ಈ ಎತ್ತರಕ್ಕೆ ತಂದವರು. ಯಂತ್ರದ ಬೆಲೆ ಸ್ಕ್ರೀನಿನ ಮೇಲೆ ಬಂದಾಗ ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಬೆಲೆ ಹಾಗೇ ಇತ್ತು.

ಆಗ ಅಕೌಂಟ್ಸ್ ಅಸಿಸ್ಟೆಂಟ್ ಮ್ಯಾನೇಜರ್ ಅನಸೂಯ ಮಾತಾಡಿದರು. "ಸರ್, ಈಗಲೂ ಯಾರೋ ಸೇದ್ತಾ ಇದ್ದಾರೆ. ಮಾವಿನಹಣ್ಣಿನ ಫ್ಲೇವರ್."

ಹೋಗಿ ನೋಡಿದರೆ ನಿಜವಾಗಿಯೂ ಆಪರೇಷನ್ಸ್ ವಿಭಾಗದ ಅರವಿಂದ ಮೆಟ್ಟಿಲ ಮೇಲಿದ್ದ. ಮಾವಿನಹಣ್ಣೂ ನಿಜವೇ ಆಗಿತ್ತು.

ವೆಂಕಟೇಶಮೂರ್ತಿಯವರ ಮುಖ ಅರಳಿತು. "ಅನಸೂಯ ಅವರೇ, ಇಂಥ ಮೂಗು ಮನೇಲೇ ಇಟ್ಕೊಂಡು ನಾವು ಮಷೀನ್ ಯಾಕ್ರೀ ತರಬೇಕು?"

ಅನಸೂಯ ನಾಚಿಕೊಂಡರು. ಇಷ್ಟು ವರ್ಷ ಅವರು ಟ್ಯಾಲಿ ಮಾಡಿದ ಲೆಕ್ಕಗಳನ್ನು ಯಾರೂ ಹೊಗಳಿರಲಿಲ್ಲ.

ತೊಡಕೊಂದಿತ್ತು. ನೋಟೀಸು ಕೇಳಿದ್ದು ಉಪಕರಣವನ್ನು, ಉದ್ಯೋಗಿಯನ್ನಲ್ಲ. ಇದನ್ನು ಎಚ್.ಆರ್. ಮುಖ್ಯಸ್ಥೆ ಪ್ರಣತಿ ಸಂಜೆಯೊಳಗೆ ಒಂದು ಸುತ್ತೋಲೆಯಿಂದ ಪರಿಹರಿಸಿದರು:

"ಶ್ರೀಮತಿ ಅನಸೂಯ ಅವರ ಹೆಸರನ್ನು ಸಿಬ್ಬಂದಿ ಪಟ್ಟಿಯಿಂದ ತೆಗೆದು ಸ್ಥಿರಾಸ್ತಿಗಳ ಪಟ್ಟಿಗೆ ಸೇರಿಸಲಾಗಿದೆ. ಸಂಬಳವನ್ನು ಇನ್ನು ಮುಂದೆ ನಿರ್ವಹಣಾ ವೆಚ್ಚವೆಂದು ಭಾವಿಸತಕ್ಕದ್ದು. ಉಪಕರಣದ ಸಮೀಪ ಮಲ್ಲಿಗೆ, ಅತ್ತರು, ಬೆಳ್ಳುಳ್ಳಿ ತರತಕ್ಕದ್ದಲ್ಲ. ಮಧ್ಯಾಹ್ನ ಉಪಕರಣವು ಊಟಕ್ಕೆ ಹೋಗುವುದರಿಂದ ಆ ಅವಧಿಯಲ್ಲಿ ಪತ್ತೆ ಸಾಧ್ಯವಿಲ್ಲ. ಆದಕಾರಣ ಆ ಅವಧಿಯಲ್ಲಿ ಯಾರೂ ಸೇದತಕ್ಕದ್ದಲ್ಲ."

ಆ ಅವಧಿಯಲ್ಲಿ ಮೆಟ್ಟಿಲ ಮೇಲೆ ನಿಲ್ಲಲು ಜಾಗ ಸಿಗುತ್ತಿರಲಿಲ್ಲ.

"ಸ್ಥಿರಾಸ್ತಿ ಅಂದ್ರೆ ನಾನು ಓಡಾಡಬಹುದಾ?" ಅನಸೂಯ ಕೇಳಿದರು.

"ಓಡಾಡಿ, ತೊಂದ್ರೆ ಇಲ್ಲ," ಎಂದರು ಪ್ರಣತಿ. "ಆದ್ರೆ ಬಿಲ್ಡಿಂಗ್ ಬಿಟ್ಟು ಹೋಗುವಾಗ ಗೇಟ್ ಪಾಸ್ ತಗೊಳ್ಳಿ. ಕಂಪನಿ ಪ್ರಾಪರ್ಟಿ ಹೊರಗೆ ಹೋಗ್ತಾ ಇರುತ್ತಲ್ಲ."

ಟ್ಯಾಂಪಿನೀಸಿನ ಮನೆಯಲ್ಲಿ ಗಂಡ ಸುಹಾಸ್ ಸುತ್ತೋಲೆಯನ್ನು ಎರಡು ಸಲ ಓದಿದರು. ಬ್ಯಾಂಕಿನಲ್ಲಿ ಆಡಿಟರ್.

"ಸವಕಳಿ ಎಷ್ಟು ವರ್ಷಕ್ಕೆ ಹಾಕಿದ್ದಾರೆ?"

"ಐದು ವರ್ಷ."

"ನಾನಾಗಿದ್ರೆ ಹತ್ತು ಹಾಕ್ತಿದ್ದೆ," ಎಂದು ಸುಹಾಸ್ ಹೆಂಡತಿಯ ಭುಜ ತಟ್ಟಿದರು. ಇದಕ್ಕಿಂತ ಪ್ರೀತಿಯ ಮಾತು ಅವರ ಬಾಯಲ್ಲಿ ಬರುವುದು ಅಪರೂಪ.

"ಅಮ್ಮಾ, ಹಂಗಾದ್ರೆ ನಿಂಗೆ ಇನ್ಮೇಲೆ ಎಂಸಿನೂ ಇಲ್ಲ ಲಾ," ಎಂದಳು ಮಗಳು ಅನಘಾ. ಹುಷಾರಿಲ್ಲವೆಂಬ ಡಾಕ್ಟರ ಚೀಟಿಯನ್ನು ಉಪಕರಣ ತರುವುದುಂಟೇ ಎಂದು ಯಾರೂ ಯೋಚಿಸಿರಲಿಲ್ಲ.

ಮೊದಲ ತಿಂಗಳು ಅನಸೂಯ ಹುರುಪಿನಲ್ಲಿದ್ದರು. ಕೂರಲು ಮೆಟ್ಟಿಲ ಬಾಗಿಲ ಹತ್ತಿರ ಒಂದು ಎತ್ತರದ ಸ್ಟೂಲ್ ಹಾಕಿದ್ದರು. ಹೊಗೆ ಮೇಲೇರುವುದರಿಂದ ಮೂಗೂ ಮೇಲಿರಬೇಕಿತ್ತು. ದೀಪಾವಳಿ ಊಟದ ದಿನ ಮಾತ್ರ ಸ್ವಲ್ಪ ಸಂಕಟವಾಯಿತು. ಅಡುಗೆಯವರಿಗೆ ಪ್ರತಿವರ್ಷ ಹಣ ಪಾಸ್ ಮಾಡುತ್ತಿದ್ದವರು ಅವರೇ. ಈ ಸಲ ಊಟ ಸಿಬ್ಬಂದಿಗೆ ಮಾತ್ರ. ಬಿಸಿಬೇಳೆಬಾತಿಗೆ ಇಂಗು ಕಡಿಮೆಯಾಗಿದೆ ಎಂದು ಸ್ಟೂಲಿನ ಮೇಲಿಂದಲೇ ಅವರಿಗೆ ತಿಳಿಯಿತು. ಹೇಳೋಣವೆಂದರೆ ಹತ್ತಿರ ಯಾರೂ ಇರಲಿಲ್ಲ. ಕಣ್ಣಲ್ಲಿ ನೀರು ಬಂತು. ಕೊಳೆಯಾದೀತೆಂದು, ಭುಜಕ್ಕೆ ಕಂಪನಿ ಅಂಟಿಸಿದ್ದ ಅಸೆಟ್ ಸ್ಟಿಕ್ಕರನ್ನೂ ಸೆರಗಿನಿಂದ ಒರೆಸಿಕೊಂಡರು.

ಆಮೇಲೆ ಅನಸೂಯರಿಗೆ ನೆಗಡಿಯಾಯಿತು. ವಾಸನೆ ಪೂರ್ತಿ ನಿಂತುಹೋಯಿತು.

ಪ್ರಣತಿ ದೂರು ದಾಖಲಿಸಲು ಬಂದರು. "ತಯಾರಕರ ವಿಳಾಸ ಹೇಳ್ತೀರಾ?"

"ಅಪ್ಪ ತೀರಿಕೊಂಡು ತುಂಬಾ ವರ್ಷ ಆಯ್ತು."

"ಅಯ್ಯೋ, ಸಾರಿ ಮೇಡಂ. ವಾರಂಟಿ ಮುಗಿದಿದೆ ಅಂತ ಬರ್ಕೊಳ್ತೀನಿ."

ನಿಜವಾದ ಯಂತ್ರವೊಂದನ್ನು ತರುವುದು ಅನಿವಾರ್ಯವಾಯಿತು. ಆದರೆ ಉಪಕರಣಗಳ ಬಜೆಟ್ಟಿನಲ್ಲಿ ಏನೂ ಉಳಿದಿರಲಿಲ್ಲ. ಆ ಹಣ ಉಳಿಸಿದ್ದಕ್ಕಾಗಿ ವೆಂಕಟೇಶಮೂರ್ತಿಯವರಿಗೆ ಕೊಟ್ಟ ಬೋನಸ್ಸಿಗೇ ಅದೆಲ್ಲ ಹೋಗಿತ್ತು. ಇತ್ತ ಅಕೌಂಟ್ಸಿನಲ್ಲಿ ಅಸಿಸ್ಟೆಂಟ್ ಮ್ಯಾನೇಜರ್ ಹುದ್ದೆಯೊಂದು ಖಾಲಿ ಬಿದ್ದಿತ್ತು. ಸಂಬಳ ಮಂಜೂರಾಗಿತ್ತು. ಸಭೆಯಲ್ಲಿ ಎಲ್ಲರಿಗೂ ಒಟ್ಟಿಗೇ ಹೊಳೆದದ್ದರಿಂದ ಆ ಸಲಹೆ ಯಾರದೆಂದು ನಡಾವಳಿಯಲ್ಲಿ ಬರೆದಿಲ್ಲ.

ಯಂತ್ರವನ್ನು ಇಂಟರ್‌ವ್ಯೂಗೆ ಕರೆಸಲಾಯಿತು. ಇನ್ನೈದು ವರ್ಷದಲ್ಲಿ ತಾವು ಎಲ್ಲಿರಬಯಸುತ್ತೀರಿ ಎಂದು ವೆಂಕಟೇಶಮೂರ್ತಿಯವರು ಕೇಳಿದಾಗ ಅದು ಹಸಿರು ದೀಪ ಮಿನುಗಿಸಿತು. "ಅನಗತ್ಯ ಮಾತಿಲ್ಲ, ಸಂಬಳದ ಬಗ್ಗೆ ಚೌಕಾಸಿಯಿಲ್ಲ" ಎಂದು ಸಮಿತಿ ಷರಾ ಬರೆಯಿತು. ಸೋಮವಾರ ಯಂತ್ರ ಕೆಲಸಕ್ಕೆ ಸೇರಿತು. ಅದಕ್ಕೆ ಅನಸೂಯರ ಹಳೆಯ ಮೇಜು, ಕುರ್ಚಿ, ಮೆಡಿಕಲ್ ಇನ್ಶೂರೆನ್ಸ್ ಸಿಕ್ಕಿತು. ಪ್ರತಿ ಉಪಕರಣವೂ ಒಬ್ಬ ಉದ್ಯೋಗಿಯ ಜವಾಬ್ದಾರಿಯಲ್ಲಿರಬೇಕೆಂಬ ನಿಯಮದಂತೆ ಅನಸೂಯ ಯಂತ್ರದ ಕೈಕೆಳಗೆ ಬಂದರು.

ನೆಗಡಿ ವಾಸಿಯಾದ ದಿನ ಅವರು ನೇರವಾಗಿ ಜನರಲ್ ಮ್ಯಾನೇಜರರ ಕೋಣೆಗೆ ಹೋದರು.

"ಸರ್, ನನ್ನನ್ನ ಮತ್ತೆ ಸ್ಟಾಫ್ ಮಾಡ್ಬಿಡಿ. ಮಷೀನೇ ಬಂದಿದೆಯಲ್ಲ."

"ಎಲ್ಲಿಗೆ ಹಾಕ್ಲಮ್ಮಾ? ನಿಮ್ಮ ಪೋಸ್ಟ್ ಫಿಲ್ ಆಗಿದೆ."

"ಅದನ್ನ ತೆಗೆದು ನನ್ನ..."

ವೆಂಕಟೇಶಮೂರ್ತಿಯವರು ನೊಂದುಕೊಂಡರು. "ಏನ್ ಮಾತು ಅಂತ ಆಡ್ತೀರಿ? ತಪ್ಪಿಲ್ಲದೆ ಒಬ್ಬರ ಕೆಲಸ ಕಿತ್ಕೊಳ್ಳೋಕಾಗುತ್ತಾ? ಸ್ವಲ್ಪ ಮನುಷ್ಯತ್ವ ಬೇಡ್ವಾ?"

ಅನಸೂಯರಿಗೆ ನಿಜಕ್ಕೂ ನಾಚಿಕೆಯಾಯಿತು. ಅಷ್ಟು ದೂರ ಯೋಚಿಸಿರಲಿಲ್ಲ. ಹೊರಗೆ ಬಂದು ಯಂತ್ರದ ಮೇಲಿದ್ದ ಧೂಳು ಒರೆಸಿದರು.

ಮರುವರ್ಷದ ಕೊನೆಗೆ ಪ್ರಣತಿಯೇ ಸಿಹಿಸುದ್ದಿ ತಂದರು. ಯಂತ್ರ ಒಂದು ದಿನವೂ ರಜೆ ಹಾಕಿರಲಿಲ್ಲ. ಈಗ ಹಾಕದಿದ್ದರೆ ಕಂಪನಿ ಕಾನೂನು ತಪ್ಪಿದಂತಾಗುತ್ತಿತ್ತು. ಆದ್ದರಿಂದ ಎರಡು ವಾರ ಕಡ್ಡಾಯ ರಜೆ. ಅಷ್ಟು ದಿನ ಅದರ ಜಾಗದಲ್ಲಿ ಅನಸೂಯ ತಾತ್ಕಾಲಿಕ ಸಿಬ್ಬಂದಿ. ಕುರ್ಚಿ ಸಿಗುತ್ತದೆ, ಕ್ರಿಸ್‌ಮಸ್ ಕೇಕೂ ಸಿಗುತ್ತದೆ.

"ಆದ್ರೆ ಮೇಡಂ, ಲೀವ್‌ನಲ್ಲಿರೋ ಸ್ಟಾಫ್ ಆಫೀಸಲ್ಲಿ ಇರೋ ಹಾಗಿಲ್ಲ. ಅವರಿಗೆ ಇಲ್ಲಿ ಯಾರೂ ಇಲ್ಲ ಪಾಪ. ನಿಮ್ಮನೇಗೆ ಕರ್ಕೊಂಡ್ ಹೋಗ್ತೀರಾ?"

ಅನಸೂಯ ಯಂತ್ರವನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಮನೆಗೆ ಬಂದರು. ಫ್ಲ್ಯಾಟುಗಳ ಕೆಳಗಿನ ತೆರೆದ ಜಾಗವಾದ ವಾಯ್ಡ್ ಡೆಕ್ಕಿನಲ್ಲಿ ಕೂತಿದ್ದ ಪಕ್ಕದ ಮನೆಯ ಆಂಟಿ ಅದೇನೆಂದು ಕೇಳಿದಾಗ "ನಮ್ಮ ಸೀನಿಯರ್" ಎಂದರು. ಆಂಟಿ ತುಸು ಸರಿದು ದಾರಿ ಬಿಟ್ಟರು.

ಸುಹಾಸ್ ಅದಕ್ಕೆ ಸೋಫಾದ ಪಕ್ಕದಲ್ಲಿ, ಫ್ಯಾನಿನ ಗಾಳಿ ಬರುವ ಕಡೆ ಜಾಗ ಮಾಡಿಕೊಟ್ಟರು. ಪ್ಲಗ್ ಹಾಕಿ ಸ್ವಲ್ಪ ಹೊತ್ತಾಗಿತ್ತು, ಯಂತ್ರ ಕಿಟಕಿಯ ಕಡೆಯಿಂದ ಬಂದ ಗಾಳಿಗೆ ಕೀ ಕೀ ಎಂದು ಅರಚಿಕೊಂಡಿತು. ಕೆಳಗಿನ ಮಹಡಿಯಲ್ಲಿ ಯಾರೋ ಸೇದುತ್ತಿದ್ದರು. ಅನಸೂಯ ಕೂಡಲೇ ಪ್ರಣತಿಗೆ ಫೋನ್ ಮಾಡಿದರು.

ಪ್ರಣತಿ ದನಿ ತಗ್ಗಿಸಿದರು. "ಮೇಡಂ, ರಜೇಲಿರೋರ ಹತ್ರ ಕೆಲಸ ಮಾಡಿಸ್ತಿದ್ದೀರಾ? ಇದು ಹೊರಗೆ ಗೊತ್ತಾದ್ರೆ ಕಂಪನಿ ಕಥೆ ಏನು?"

"ತಪ್ಪಾಯ್ತು," ಎಂದು ಅನಸೂಯ ಫೋನಿಟ್ಟರು. ಕಿಟಕಿ ಮುಚ್ಚಿದರು. ಪ್ಲಗ್ ಕಿತ್ತು, ಯಂತ್ರಕ್ಕೊಂದು ಶಾಲು ಹೊದಿಸಿ, "ನೀವು ರೆಸ್ಟ್ ತಗೊಳ್ಳಿ ಸರ್," ಎಂದರು.

ಸುಹಾಸ್ ಟಿವಿಯ ಸದ್ದು ಕಡಿಮೆ ಮಾಡಿದರು.