ಸೈನ್ಯದ ಬಜೆಟ್ಟಿನ ಮೇಲೆ ಬಿದ್ದ ಸುತ್ತಿಗೆಯವರಿಗೆ

ನಮ್ಮ ಪಾರ್ಲಿಮೆಂಟಿನ ಬಜೆಟ್ ಸಮಿತಿಯ ಅಧ್ಯಕ್ಷರ ಮೇಜಿನ ಮೇಲೆ ಹಸಿರು ಮಖಮಲ್ಲಿನ ದಿಂಬಿಗೆ ತಲೆಕೊಟ್ಟು ವಿಶ್ರಮಿಸುತ್ತಿರುವ, ಮರದ ಸುತ್ತಿಗೆಯವರಾದ ಮಾನ್ಯರೇ,

ಸಾಂತಾ ಮಾರ್ತಾ ಬಂದರಿನ ನೌಕಾನೆಲೆಯ ಗೇಟಿನೆದುರು ಊಟದ ಅಂಗಡಿ ಇಟ್ಟುಕೊಂಡಿರುವ, ಊರಿಗೆಲ್ಲ ಲೋಲಾ ಬೆಬಾಂಗ್, ಅಂದರೆ ಬೆಬಾಂಗ್ ಅಜ್ಜಿ, ಎನಿಸಿಕೊಂಡಿರುವ ಹೆನೊವೆವಾ ತಿಬಾಯನ್ ಮಾಡುವ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಮೊನ್ನೆ ಮಂಗಳವಾರ ತಾವು ಮೇಜಿನ ಮೇಲೆ ಬಿದ್ದ ರಭಸ ನೋಡಿದರೆ ತಮ್ಮ ಆರೋಗ್ಯಕ್ಕೇನೂ ಕಡಿಮೆಯಾಗಿಲ್ಲ. ಸಂಸದರಿಗೆ ಬರೆಯುವುದು ಬಿಟ್ಟು ಸುತ್ತಿಗೆಗೆ ಬರೆಯುತ್ತಾಳಲ್ಲ ಈ ಮುದುಕಿ ಎಂದು ಓದುವವರು ನಗಬಹುದು. ನಗಲಿ. ಅಂದು ಆ ಕೋಣೆಯಲ್ಲಿ ಕೆಲಸ ಮಾಡಿದವರು ತಾವೊಬ್ಬರೇ. ಮಿಕ್ಕವರು ಕೂತಿದ್ದರು.

ವಿಷಯಕ್ಕೆ ಬರುತ್ತೇನೆ. ನನ್ನ ಮೊಮ್ಮಗಳು ಅನಾಲಿನ್, 'ಸಂಪಗಿತಾ' ಎಂಬ ಗಸ್ತು ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ ಮಾಡುತ್ತಾಳೆ. ನಮ್ಮ ಸರ್ಕಾರ ಹಡಗುಗಳಿಗೆ ಹೂವಿನ ಹೆಸರಿಡುತ್ತದೆ. ಹೂವು ನೀರಲ್ಲಿ ಮುಳುಗುವುದಿಲ್ಲ ಎಂಬ ಧೈರ್ಯವಿರಬೇಕು. ಅವಳು ರಜೆಗೆ ಬಂದಾಗ ಅಂಗೈ ತುಂಬ ಬೊಬ್ಬೆ. "ಏನೇ ಇದು?" ಅಂದೆ. "ಹಡಗಿನ ತಳಕ್ಕೆ ನೀರು ಇಳಿಯುತ್ತಲ್ಲ ಲೋಲಾ, ಅದನ್ನ ಬಕೆಟ್ಟಲ್ಲಿ ಮೊಗೆದು ಮೊಗೆದು ಹೀಗಾಯ್ತು. ಪಂಪು ಹೋದ ವರ್ಷದ ಮಳೆಗಾಲದಲ್ಲೇ ಕೆಟ್ಟಿತ್ತು." "ದೇಶ ಕಾಯೋ ಹಡಗಲ್ಲಿ ಬಕೆಟ್ಟಾ?" "ಬಕೆಟ್ಟು ಗಟ್ಟಿಮುಟ್ಟಾಗೇ ಇದೆ, ನೀನು ಚಿಂತೆ ಮಾಡಬೇಡ. ನಿನ್ನ ಅಂಗಡೀದೇ ತಾನೆ!" ಎಂದು ಆ ಹಾಳು ಹುಡುಗಿ ಪಕಪಕ ನಕ್ಕಳು. ಕಾಣೆಯಾಗಿದ್ದ ನನ್ನ ನೀಲಿ ಬಕೆಟ್ಟಿಗಾಗಿ ಪಕ್ಕದಂಗಡಿಯವಳ ಜೊತೆ ಮಾತು ಬಿಟ್ಟಿದ್ದೆ. ಅದು ರಾಷ್ಟ್ರರಕ್ಷಣೆಯ ಸೇವೆಯಲ್ಲಿದೆ ಎಂದು ತಿಳಿದು ಹೆಮ್ಮೆಯೂ ಆಯಿತು, ಭಯವೂ ಆಯಿತು. ಏಕೆಂದರೆ ಚಂಡಮಾರುತದ ಕಾಲ ಶುರುವಾಗುತ್ತಿದೆ, 'ಸಂಪಗಿತಾ'ಕ್ಕೆ ದೂರದ ಹವಳದ ದಿಬ್ಬಗಳ ಕಡೆ ಹೊರಡಲು ಆಜ್ಞೆ ಬಂದಿದೆ, ಮತ್ತು ಆ ಬೊಬ್ಬೆಯ ಕೈಗಳಲ್ಲದೆ ಅದಕ್ಕೆ ಬೇರೆ ಪಂಪಿಲ್ಲ.

ನಮ್ಮ ಕ್ಷೇತ್ರದ ಸಂಸದ ಕ್ರಿಸಾಂತೊ ಬೆಲ್ಮೊರೊ ಎಂಬಾತ ತಮ್ಮ ಸಮಿತಿಯಲ್ಲಿದ್ದಾನೆ. ತಾವು ನೋಡಿರಬಹುದು, ನಿದ್ದೆ ಬಂದಾಗ ಗಲ್ಲಕ್ಕೆ ಕೈ ಕೊಡುವವನು. ನನ್ನ ಅಂಗಡಿಯಲ್ಲಿ ಉಂಡು ಬೆಳೆದವನು. ಅವನ ಮಣಿಕಟ್ಟು ಹಿಡಿದು ಹೇಳಿದೆ: "ನೋಡು ಕ್ರಿಸಾಂತೊ, ಒಂದೇ ಒಂದು ಪ್ರಶ್ನೆ ಕೇಳು. ಸಂಪಗಿತಾದ ಪಂಪು ಯಾವಾಗ ಬರುತ್ತೆ ಅಂತ. ಅಷ್ಟೇ." "ಕೇಳದೆ ಬಿಡ್ತೀನಾ ಲೋಲಾ! ಸೈನ್ಯದ ಬಜೆಟ್ಟಂದ್ರೆ ತಮಾಷೆನಾ? ಬೆಳಗಿಂದ ಸಂಜೆವರೆಗೂ ಜಗಳ ಇರುತ್ತೆ. ಆವತ್ತಿನ ಊಟ ನಿಮ್ಮದೇ ಇರ್ಲಿ" ಅಂದ. ನಂಬಿದೆ. ದೇಶದ ತೋಪು, ಹಡಗು, ವಿಮಾನ ಎಲ್ಲವನ್ನೂ ವಿಚಾರಿಸಿ ಮುಗಿಸುವಷ್ಟರಲ್ಲಿ ಮಧ್ಯಾಹ್ನವಾದರೂ ದಾಟುತ್ತದೆ ಎಂದು ಲೆಕ್ಕ ಹಾಕಿ, ಅಕ್ಕಿಯನ್ನು ಅಲ್ಲೇ ಹೋಗಿ ಬೇಯಿಸಿಕೊಳ್ಳೋಣವೆಂದು ಒಲೆ ಸಮೇತ ಹೊರಟೆ. ಆ ತಪ್ಪು ನನ್ನದು.

ತಮ್ಮ ಮನೆಯ, ಅಂದರೆ ಸದನದ, ಸಂಪ್ರದಾಯ ನನಗೆ ತಿಳಿದಿರಲಿಲ್ಲ ಮಾನ್ಯರೇ. ಹಿಂದೆ ಆ ಮನೆಯ ಸದಸ್ಯರಾಗಿದ್ದವರು ಮುಂದೆ ಮಂತ್ರಿಯಾಗಿ ದುಡ್ಡು ಕೇಳಲು ಬಂದರೆ, ಸೌಜನ್ಯಕ್ಕಾಗಿ ಅವರನ್ನು ಯಾರೂ ಏನೂ ಕೇಳುವಂತಿಲ್ಲವಂತೆ. ರಕ್ಷಣಾ ಮಂತ್ರಿಗಳು ಬಂದು ಕೂತರು, ಹಿಂದಿನ ಸಾಲಲ್ಲಿ ಪದಕಗಳು ಕೂತವು. ಎದ್ದು ನಿಂತವರು ವಿರೋಧ ಪಕ್ಷದವರೊಬ್ಬರು. ಬಂತಪ್ಪಾ ಜಗಳ ಎಂದು ನಾನು ಬಾಗಿಲ ಬಳಿ ಸೊಂಟಕ್ಕೆ ಸೆರಗು ಸಿಕ್ಕಿಸುವವಳಂತೆ ಅಡುಗೆಬಟ್ಟೆ ಬಿಗಿದು ನಿಂತೆ. ಅವರೆಂದರು: "ಮಂತ್ರಿಗಳು ಒಂದು ಕಾಲಕ್ಕೆ ಈ ಮನೆಯ ಮಗ. ಮನೆಮಗನನ್ನ ಬಾಗಿಲಲ್ಲಿ ನಿಲ್ಲಿಸಿ ವಿಚಾರಣೆ ಮಾಡೋದು ನಮಗೆ ಶೋಭೆ ಅಲ್ಲ. ಪ್ರಶ್ನೆಗಳು ಮುಗಿದವು ಅಂತ ಸೂಚಿಸ್ತೀನಿ." ಶುರುವೇ ಆಗದ್ದು ಮುಗಿಯುವುದು ಹೇಗೆಂದು ನಾನು ಯೋಚಿಸುತ್ತಿರುವಾಗಲೇ ಇನ್ನೊಂದು ದನಿ ಕೇಳಿತು, "ಅನುಮೋದಿಸ್ತೀನಿ!" ಆ ದನಿ ಬೆಲ್ಮೊರೊನದು. ಮರುಕ್ಷಣ ತಾವು ಬಿದ್ದಿರಿ, ಸಮಿತಿಯಲ್ಲಿ ಬಜೆಟ್ಟು ಪಾಸಾಯಿತು. ನನ್ನ ಅಕ್ಕಿಗೆ ಇನ್ನೂ ಕುದಿ ಹತ್ತಿರಲಿಲ್ಲ.

ಆದರೆ ಸದಸ್ಯರಿಗೆ ಪ್ರಶ್ನೆ ಕೇಳಲು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವವಳಲ್ಲ. ಊಟದ ಕೋಣೆಗೆ ತಾವು ಬಂದಿರಲಿಲ್ಲ, ಬರಬೇಕಿತ್ತು. ಬಿಸಿ ಪಾತ್ರೆಯ ಕೆಳಗಿಡಲು ಏನಾದರೂ ಕೊಡಿ ಅಂದಾಗ ಜವಾನ ದಪ್ಪದಪ್ಪ ಪುಸ್ತಕಗಳನ್ನು ತಂದುಕೊಟ್ಟ. ಸೈನ್ಯದ ಬಜೆಟ್ಟಂತೆ, ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಯಾರೂ ಹರಿದಿರಲಿಲ್ಲ, ಕರಗೀತೆಂದು ನಾನೇ ಹರಿದೆ. ಹೀಗೆ ಆ ಬಜೆಟ್ಟನ್ನು ಬಿಚ್ಚಿದ ಕೀರ್ತಿ ಅಡುಗೆಯವಳಿಗೆ ಸಂದಿತು. ಆಮೇಲೆ ನೋಡಬೇಕಿತ್ತು ಪ್ರಜಾಪ್ರಭುತ್ವವನ್ನು! ಒಬ್ಬೊಬ್ಬರೂ ಮುಚ್ಚಳ ಎತ್ತಿ ಬಗ್ಗಿ ನೋಡಿದರು. "ಲೋಲಾ, ಈ ಹಂದಿಮಾಂಸ ಇವತ್ತಿಂದಾ ನಿನ್ನೇದಾ?" "ಪಾನ್ಸಿತ್‌ನಲ್ಲಿ ಶಾವಿಗೆ ಕಾಣುತ್ತೆ, ಸೀಗಡಿ ಎಲ್ಲಿ ಹೋಯ್ತು?" "ಹೋದ ಸಲ ಲುಂಪಿಯಾ ಸುರುಳಿ ಇನ್ನೂ ಉದ್ದ ಇತ್ತಪ್ಪ." "ಆ ಪಾತ್ರೇಲಿ ಮಂತ್ರಿಗಳಿಗೆ ಅಂತ ಬೇರೆ ತೆಗೆದಿಟ್ಟಿದೀರಾ? ಯಾಕೆ? ಯಾರು ಹೇಳಿದ್ದು?" ವಿರೋಧ ಪಕ್ಷದ ಆ ಮಹಾನುಭಾವರಂತೂ ಚಮಚ ಹಾಕಿ ತಳ ಕೆದಕಿ ಸೀಗಡಿಯನ್ನು ಪತ್ತೆಹಚ್ಚಿ, ಪಾಲು ಸಮ ಬರುವವರೆಗೂ ಕೂರಲಿಲ್ಲ. ನನಗೆ ಸಿಟ್ಟು ಬರಬೇಕಿತ್ತು, ಬಂದದ್ದು ಭಕ್ತಿ. ಇಂಥ ಕಣ್ಣು, ಇಂಥ ಮೂಗು, ಇಷ್ಟು ಅನುಮಾನ ಇಟ್ಟುಕೊಂಡಿರುವವರು ಪಕ್ಕದ ಕೋಣೆಯಲ್ಲಿ ಅದನ್ನೆಲ್ಲ ಹೇಗೆ ಅದುಮಿಟ್ಟುಕೊಂಡಿದ್ದರೋ ಪಾಪ.

ಬೆಲ್ಮೊರೊ ತಟ್ಟೆ ಹಿಡಿದು ಬಂದಾಗ ನಾನು ಸೌಟು ಎತ್ತಲಿಲ್ಲ. "ಕೇಳಿದೆಯಾ?" "ಲೋಲಾ, ಸಂಪ್ರದಾಯ..." "ನಿನ್ನ ಸಂಪ್ರದಾಯಕ್ಕೆ ಈಜು ಬರುತ್ತಾ? ಪಂಪು ಎಲ್ಲಿ?" ಅವನು ಕೆಂಪಗಾಗಿ, ಪಕ್ಕದಲ್ಲೇ ಹಂದಿಮಾಂಸದ ಅಡೋಬೊ ಚಪ್ಪರಿಸುತ್ತಿದ್ದ ನೌಕಾಪಡೆಯ ಅಡ್ಮಿರಲ್ ಸಾಹೇಬರನ್ನು ಕೇಳಿದ. ಅವರು ತುಂಬ ಒಳ್ಳೆಯವರು, ಬಾಯಿ ಒರೆಸಿಕೊಂಡು, "ಹೌದಾ? ಪಂಪಿಲ್ವಾ? ಹೋದ ವರ್ಷವೇ ದುಡ್ಡು ಕೊಟ್ಟಿದ್ರಲ್ಲ! ನೋಡ್ತೀನಿ ಅಮ್ಮ" ಅಂದರು. "ಆ ದುಡ್ಡು ಹಾಗಾದ್ರೆ ಎಲ್ಲಿ ಹೋಯ್ತು ಸಾರ್?" ಅಂದೆ. "ಅಮ್ಮಾ, ಅದನ್ನ ಸಮಿತಿ ಕೇಳಿದ್ರೆ ನಾನು ಬರೆದು ಉತ್ತರ ಕೊಡಬೇಕಾಗುತ್ತೆ. ಸಮಿತಿ ಕೇಳಲಿಲ್ಲ. ನೀವು ಕೇಳಿದ್ರೆ ನಾನು ಇನ್ನೂ ಸ್ವಲ್ಪ ಅನ್ನ ಹಾಕಿಸಿಕೊಳ್ಳಬಹುದು ಅಷ್ಟೆ." ಎಷ್ಟು ಪ್ರಾಮಾಣಿಕ ಮಾತು! ಅನ್ನ ಹಾಕಿದೆ.

ಆದ್ದರಿಂದ ತಮ್ಮಲ್ಲಿ ಬಿನ್ನಹ. ಸೈನ್ಯಕ್ಕೆ ದುಡ್ಡು ಕೊಡಬೇಡಿ ಎನ್ನುವವಳಲ್ಲ ನಾನು. ನಾವಿಕರ ಹಸಿವಿನಿಂದಲೇ ನನ್ನ ಒಲೆ ಉರಿಯುವುದು. ಕೊಡಿ, ಧಾರಾಳವಾಗಿ ಕೊಡಿ, ಆದರೆ ಹೋದ ವರ್ಷದ್ದು ಏನಾಯಿತೆಂದು ಹೇಳಿದವರಿಗೆ ಮಾತ್ರ ಈ ವರ್ಷದ್ದು ಕೊಡಿ. ಅದನ್ನು ಹೇಳುವವರ ಸಾಲಿನಲ್ಲಿ ಪದಕದವರ ಪಕ್ಕ ಎಣ್ಣೆಮಸಿಯ ಕೈಯವರೂ ಒಬ್ಬರಿರಲಿ. ಕೆಲವು ಸಂಗತಿ ಗುಟ್ಟು, ಶತ್ರುವಿಗೆ ತಿಳಿಯಬಾರದು ಎನ್ನುತ್ತಾರೆ. ಸರಿ, ಬಾಗಿಲು ಹಾಕಿಕೊಂಡು ಕೇಳಲಿ. ಬಾಗಿಲು ಮುಚ್ಚುವುದೇ ಬೇರೆ, ಬಾಯಿ ಮುಚ್ಚುವುದೇ ಬೇರೆ. ಪಂಪಿಲ್ಲದ್ದು ಶತ್ರುವಿಗೆ ಆಗಲೇ ಗೊತ್ತು, ಬಕೆಟ್ಟಿನಲ್ಲಿ ನೀರು ಚೆಲ್ಲುವುದು ಅವನ ಹಡಗಿನಿಂದ ಚೆನ್ನಾಗಿ ಕಾಣುತ್ತದೆ. ಗೊತ್ತಿಲ್ಲದ್ದು ನಮ್ಮ ಸಮಿತಿಗೆ ಮಾತ್ರ.

ಇನ್ನು ತಮ್ಮ ಪಾಲಿನ ಕರ್ತವ್ಯ. ಮುಂದಿನ ಬುಧವಾರ ಇದೇ ಬಜೆಟ್ಟು ಪೂರ್ತಿ ಸದನದ ಮುಂದೆ ಬರುತ್ತದೆ, ಅಲ್ಲೂ ತಮ್ಮ ಬಂಧುಗಳೇ ಒಬ್ಬರು ಮೇಜಿನ ಮೇಲಿರುತ್ತಾರೆ. ಯಾರಾದರೂ ಮನೆಮಗನ ಮಾತೆತ್ತಿದರೆ, ದಯವಿಟ್ಟು ಆ ಬಂಧುಗಳು ಬೀಳದೆ ಗಾಳಿಯಲ್ಲೇ ನಿಂತುಬಿಡಲಿ. ಆಗದಿದ್ದರೆ ಹಿಡಿಯ ಹತ್ತಿರ ಒಂದು ಚಿಗುರೊಡೆಯಲಿ, ನಾರ್ರಾ ಮರದ ವಂಶದವರಿಗೆ ಅದು ದೊಡ್ಡದಲ್ಲ. ಅದೂ ಆಗದಿದ್ದರೆ ಕೈಜಾರಿ ಅಧ್ಯಕ್ಷರ ಕಾಲ್ಬೆರಳ ಮೇಲೆ ಬೀಳಲಿ. ಅವರು ಕುಣಿದು ಮುಗಿಸುವಷ್ಟರಲ್ಲಿ ಒಂದು ಪ್ರಶ್ನೆಗೆ ಸಮಯ ಸಿಗುತ್ತದೆ. ನನ್ನದು ಚಿಕ್ಕ ಪ್ರಶ್ನೆ.

ಇಂತು, ತಾವು ಬಿದ್ದ ಸದ್ದಿಗೆ ಬೆಚ್ಚಿ ಉಪ್ಪು ಹೆಚ್ಚು ಸುರಿದ,
ತಮ್ಮ ವಿಶ್ವಾಸಿ,
ಹೆನೊವೆವಾ ತಿಬಾಯನ್

ಮರೆತ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಅನಾಲಿನ್ ಫೋನ್ ಮಾಡಿದಳು. ಅಡ್ಮಿರಲ್ ಸಾಹೇಬರು ಮಾತು ಉಳಿಸಿಕೊಂಡಿದ್ದಾರೆ, 'ಸಂಪಗಿತಾ'ಕ್ಕೆ ಪಂಪು ಬಂದಿದೆ. "ಹೊಸದೇನೇ?" ಅಂದೆ. ಅವಳು ಈ ಸಲ ನಗಲಿಲ್ಲ. "ಪಕ್ಕದಲ್ಲಿ ನಿಂತಿದ್ದ 'ಗುಮಾಮೆಲಾ' ಹಡಗಿಂದ ಬಿಚ್ಚಿ ತಂದ್ರು ಲೋಲಾ. ಬಕೆಟ್ಟು ಅವರಿಗೆ ಕೊಟ್ವಿ." ಹೀಗೆ ನನ್ನ ದೂರು ಸಂಪೂರ್ಣವಾಗಿ ಪರಿಹಾರವಾಗಿದೆ ಮಾನ್ಯರೇ, ಧನ್ಯವಾದಗಳು. 'ಗುಮಾಮೆಲಾ'ದ ಹುಡುಗರ ಅಜ್ಜಿಯರ ವಿಳಾಸ ಹುಡುಕುತ್ತಿದ್ದೇನೆ. ಬುಧವಾರ ಸದನದ ಪ್ರೇಕ್ಷಕರ ಗ್ಯಾಲರಿಯಲ್ಲಿ ನಾವೆಲ್ಲ ಮುಂದಿನ ಸಾಲಲ್ಲೇ ಕೂರುತ್ತೇವೆ. ಊಟ ತರುವುದಿಲ್ಲ.