ಬಟ್ಟಲಲ್ಲಿ ಬಿಟ್ಟ ಅರ್ಧ ಪತ್ತಿರ್

ಬಾಣಂತನಕ್ಕೆಂದು ಪೆರಾಬೆಯ ತವರಿಗೆ ಹೋದ ಹೆಂಡತಿ ಶಮೀನಾಳನ್ನೂ ಮೂರು ತಿಂಗಳ ಮಗಳನ್ನೂ ಒಂದೇ ಗಂಟೆಯಲ್ಲಿ ಕರೆತರುತ್ತೇನೆ ಎಂದು ಎದೆಯುಬ್ಬಿಸಿ ಹೇಳಿದವನು ನಾನು. ಬೆಳ್ಳಾರೆಯ ಅಂಗಡಿಯಲ್ಲಿ ಕುಳಿತು, ಗಿರಾಕಿಗೆ ಬೇಡದ ಬಣ್ಣದ ಟೈಲ್ಸನ್ನು ಅವನದೇ ಬಚ್ಚಲಿಗೆ ಅಂಟಿಸುವ ಈ ಮಿದ್ಲಾಜನಿಗೆ ಅತ್ತೆಯನ್ನು ಒಪ್ಪಿಸುವುದು ಒಂದು ಕೆಲಸವೇ!

ಭಾನುವಾರ ರಿಕ್ಷಾ ಹತ್ತುವಾಗ ನನ್ನ ಉಮ್ಮ ಐಸಮ್ಮ ಹಿಂದಿನಿಂದ ಓಡಿ ಬಂದರು.

"ಅಲ್ಲಿ ಬಟ್ಟಲು ಖಾಲಿ ಮಾಡ್ಬೇಡ ಆಯ್ತಾ? ಸ್ವಲ್ಪ ಬಿಡ್ಬೇಕು. ಇಲ್ಲದಿದ್ರೆ ನಾನು ನಿನ್ನನ್ನು ಉಪವಾಸ ಹಾಕಿ ಸಾಕಿದ್ದು ಅಂತ ಹೇಳಿಯಾರು."

ಇದು ಉಮ್ಮನಿಗೆ ಅವರ ಉಮ್ಮ, ಅವರಿಗೆ ಅವರ ಉಮ್ಮ ಹೇಳಿಕೊಟ್ಟದ್ದು. ನಾಲ್ಕು ತಲೆಮಾರಿನ ಮಾನ ನನ್ನ ಬಟ್ಟಲಿನ ಅಂಚಿನಲ್ಲಿ!

ಅತ್ತೆ ಬೀಫಾತುಮ್ಮ ಕೋಳಿ ಸಾರು, ಅಕ್ಕಿಯ ತೆಳು ರೊಟ್ಟಿ ಪತ್ತಿರ್ ಬಡಿಸಿದರು. ಒಂಬತ್ತು ತಿಂದೆ. ಹತ್ತನೆಯದರಲ್ಲಿ ಅರ್ಧ ಬಿಟ್ಟೆ, ರಾಜಗಾಂಭೀರ್ಯದಿಂದ. ಅತ್ತೆಯ ಮುಖ ಬಾಡಿತು. ಒಳಗೆ ಹೋದವರು ಮೀನು ಹುರಿದು ತಂದರು. ತಿಂದೆ; ಬಾಲ ಬಿಟ್ಟೆ. ತುಪ್ಪದ ಅನ್ನ ಬಂತು. ಒಂದು ಮುಷ್ಟಿ ಬಿಟ್ಟೆ. ಮೊಟ್ಟೆ ಬಂತು. ಉಳಿದ ಅರ್ಧ ಮೊಟ್ಟೆಯೂ ನಾನೂ ಒಬ್ಬರನ್ನೊಬ್ಬರು ನೋಡುತ್ತ ಕೂತೆವು.

ಶಮೀನಾ ಬಾಗಿಲ ಮರೆಯಿಂದ ಹಲ್ಲು ಕಚ್ಚಿ ಕೇಳಿದಳು:

"ಎಂತ ನಿಮ್ಮದು? ಉಮ್ಮ ಒಳಗೆ ಕೂತು ಅಳ್ತಾ ಇದ್ದಾರೆ."

"ಯಾಕೆ ಮಾರಾಯ್ತಿ?"

"ಅಳಿಯ ಬಟ್ಟಲಲ್ಲಿ ಬಿಟ್ರೆ ಈ ಮನೆ ಮೇಲೆ ಬೇಜಾರು ಉಂಟು ಅಂತ ಅರ್ಥವಂತೆ. ನನ್ನ ಅಜ್ಜಿ ಹೇಳಿದ್ದು. ನಿಮ್ಮ ಬೇಜಾರು ಹೋಗುವ ತನಕ ನನ್ನನ್ನು ಕಳಿಸುದಿಲ್ಲವಂತೆ."

"ಮೊದಲೇ ಹೇಳ್ಬಾರ್ದಾ!"

"ಮನೆಯಲ್ಲಿ ಪಾತ್ರೆ ಸಮೇತ ತಿನ್ನುವವರು ನೀವು. ಇಲ್ಲಿ ಬಿಡ್ತೀರಿ ಅಂತ ನನಗೆ ಕನಸು ಬೀಳ್ಬೇಕಿತ್ತಾ?"

ನಾಲ್ಕು ತಲೆಮಾರಿನ ಕ್ಷಮೆ ಕೇಳಿ ಮೊಟ್ಟೆ ನುಂಗಿದೆ. ಬಟ್ಟಲನ್ನು ಬೆರಳಲ್ಲಿ ಬಳಿದು ಫಳಫಳ ಹೊಳೆಯುವಂತೆ ಮಾಡಿದೆ. ಅತ್ತೆ ಬಂದು ಇಣುಕಿದರು.

"ಅಯ್ಯೋ, ಇವರಿಗೆ ಹೊಟ್ಟೆ ತುಂಬಲಿಲ್ಲ! ತುಂಬಿದ್ರೆ ಹೀಗೆ ಬಳೀತಿದ್ರಾ?"

ಇನ್ನೊಂದು ಕೋಳಿ ಹಿಡಿಯಲು ಹಿತ್ತಿಲಿಗೆ ಓಡಿದರು!

ಬಿಟ್ಟರೆ ಬೇಜಾರು, ಬಿಡದಿದ್ದರೆ ಹಸಿವು. ಕೈತೊಳೆಯುವ ನೆಪದಲ್ಲಿ ಹೊರಗೆ ಬಂದು ಉಮ್ಮನಿಗೆ ಫೋನ್ ಮಾಡಿದೆ.

"ಉಮ್ಮಾ, ಮದುವೆಯಾದ ಹೊಸದರಲ್ಲಿ ನಿಮ್ಮ ತವರಿನಲ್ಲಿ ನನ್ನ ಉಪ್ಪ ಊಟದಿಂದ ಹೇಗೆ ಎದ್ದದ್ದು?"

"ಎದ್ದದ್ದಾ? ಅವರು ಎದ್ದದ್ದು ಮೂರನೇ ದಿವಸ ಮಗಾ."

ನನಗೆ ಆ ಭಾಗ್ಯವೂ ಇಲ್ಲ. ಎರಡನೆಯ ಕೋಳಿಯ ಕಾಲು ಮುಗಿಯುವ ಮೊದಲೇ ಹೊಟ್ಟೆ ಹಿಡಿದುಕೊಂಡು ಉರುಳಿದೆ. ಅತ್ತೆ ನನ್ನನ್ನು ಶಮೀನಾಳ ಬಾಣಂತಿ ಮಂಚದಲ್ಲೇ ಮಲಗಿಸಿ ಓಮದ ಕಷಾಯ ಕುಡಿಸಿದರು. ಕಣ್ಣೊರೆಸಿಕೊಂಡು ಮಗಳತ್ತ ತಿರುಗಿದರು.

"ತಿಂದು ತಿಂದು ಬಿದ್ದದ್ದಲ್ವಾ? ಇವರಿಗೆ ಬೇಜಾರು ಎಂತದ್ದೂ ಇಲ್ಲ. ನೀನು ಮಗುವನ್ನು ಕರ್ಕೊಂಡು ಹೊರಡು."

"ಇವರು?"

"ಹುಷಾರಿಲ್ಲದ ಅಳಿಯನನ್ನು ಅಂಗಳ ದಾಟಿಸ್ಬಾರ್ದು. ನನ್ನ ಉಮ್ಮ ಹೇಳಿದ್ದು."

ನಾನು ತಂದ ರಿಕ್ಷಾದಲ್ಲಿ, ನಾನು ಕರೆದೊಯ್ಯಬೇಕಿದ್ದ ಹೆಂಡತಿ, ನಾನಿಲ್ಲದೆ ನನ್ನ ಮನೆಗೆ ಹೋದಳು!

ಇವತ್ತಿಗೆ ನಾಲ್ಕು ದಿನ. ಗಂಟೆಗೊಮ್ಮೆ ಗಂಜಿ ಬರುತ್ತದೆ. ಬೆಳಿಗ್ಗೆ ಶಮೀನಾ ಫೋನ್ ಮಾಡಿದಳು.

"ಭಾನುವಾರ ಬಂದು ಕರ್ಕೊಂಡು ಹೋಗ್ತೇನೆ. ಅಷ್ಟರವರೆಗೆ ಉಮ್ಮ ಹೇಳಿದ ಹಾಗೆ ಕೇಳಿ."

ನಾನು ಕ್ಷೀಣ ದನಿಯಲ್ಲಿ ಕೇಳಿದೆ: "ಯಾವ ಉಮ್ಮ?"